ಚಂದ್ರಾಮನ ಅಂಗಿಯ ಧೂಳು

ಸಿಂದಗಿ ಕಡೆಯ ಚಂದ್ರಾಮ ಹೆಂಡತಿ ದ್ರೌಪದಿಯೊಡನೆ ಮರಾಠಿ ನಾಡಿನ ಕಲ್ಯಾಣಕ್ಕೆ ಬಂದು ಸಾಲು ಕೋಣೆಗಳ ಚಾಳಿನಲ್ಲೊಂದು ಖೋಲಿ ಹಿಡಿದಿದ್ದ. ಕೆಲಸ ಅಂಬರನಾಥದ ಆಚೆ ಒಂದು ಶೆಡ್ಡಿನಲ್ಲಿ. ರಿಕ್ಷಾ, ಟ್ರಕ್ಕುಗಳ ಹಳೇ ಬ್ಯಾಟರಿಗಳನ್ನು ಕೊಡಲಿಯಿಂದ ಒಡೆದು, ಒಳಗಿನ ಸೀಸದ ಪಟ್ಟಿಗಳನ್ನು ಕರಗಿಸಲು ಭಟ್ಟಿಗೆ ಹಾಕಬೇಕು. ಹೇಳಿಕೊಳ್ಳಲು ನಾಚಿಕೆಯಾಗಿ, ಚಾಳಿನಲ್ಲಿ ಯಾರಾದರೂ ಕೇಳಿದರೆ "ಕಂಪನಿಯಾಗ ಅದೀನ್ರಿ" ಎಂದು ಮಾತು ಮುಗಿಸಿಬಿಡುತ್ತಿದ್ದ.

ಸಂಜೆ ಲೋಕಲ್ ರೈಲು ಇಳಿದು ಬಂದವನು ಚಪ್ಪಲಿ ಬಿಡುವುದರೊಳಗೆ ಮಗಳು ಅನಸೂಯಾ ತೊಡೆ ಏರುತ್ತಿದ್ದಳು. ಅವನ ಜೇಬಿನಲ್ಲಿ ಕೈಯಾಡಿಸಿ ಪೆಪ್ಪರಮಿಂಟು ತೆಗೆದು ಬಾಯಿಗೆ ಹಾಕಿಕೊಂಡು, ಅವನ ಎದೆಗೆ ಒರಗಿ ಟಿವಿ ನೋಡುತ್ತಿದ್ದಳು. ದಿನವೆಲ್ಲ ಹೊಗೆಯಲ್ಲಿ ಬೆಂದವನಿಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ. ಬೂದಿ ಬಣ್ಣದ ಅಂಗಿಯನ್ನು ದ್ರೌಪದಿ ಮಗಳ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಶಾಲೆಯಲ್ಲಿ ಎರಡನೇ ಇಯತ್ತೆಗೆ ಬರುವ ಹೊತ್ತಿಗೆ ಹುಡುಗಿ ಮಂಕಾದಳು. ಊಟ ಸೇರದು, ಆಗಾಗ ಹೊಟ್ಟೆನೋವು, ನಿನ್ನೆ ಕಲಿತ ಮಗ್ಗಿ ಇವತ್ತು ನೆನಪಿಲ್ಲ. ಕನ್ನಡ ಶಾಲೆಯಲ್ಲಿ ಪಾಲಕರ ಸಭೆಯ ದಿನ ಉಡುಪಿ ಕಡೆಯ ಜಯಲತಾ ಟೀಚರ್, "ಇವಳಿಗೆ ಎಷ್ಟು ಹೇಳಿದ್ರೂ ತಲೆಗೆ ಹೋಗುದಿಲ್ಲ ಮಾರಾಯ್ರೆ, ಮನೆಯಲ್ಲಿ ಸ್ವಲ್ಪ ನೋಡಿ" ಎಂದರು. ಸುತ್ತ ನಿಂತ ತಂದೆತಾಯಿಗಳೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು ಚಂದ್ರಾಮನಿಗೆ. "ದಡ್ಡಿ, ನನ್ನ ಮಾನ ಕಳದಿ" ಎಂದು ಅಲ್ಲೇ ಒಂದು ಏಟು ಹಾಕಿದ. ಹುಡುಗಿ ಅಳಲಿಲ್ಲ. ಕೆನ್ನೆ ಮುಟ್ಟಿಕೊಂಡು ನೆಲ ನೋಡುತ್ತ ನಿಂತಳು.

ಮಳೆಗಾಲ ಕಳೆಯುವಷ್ಟರಲ್ಲಿ ಹೊಟ್ಟೆನೋವು ವಿಪರೀತವಾಗಿ ಸರಕಾರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗುವಿನ ಬಿಳಿಚಿದ ಕಣ್ಣರೆಪ್ಪೆ ಎಳೆದು ನೋಡಿದ ಡಾಕ್ಟರಮ್ಮ ಹಿಂದಿಯಲ್ಲಿ ತಂದೆಯ ಕೆಲಸ ಏನೆಂದು ಕೇಳಿದರು.

"ಕಂಪನಿ ಮೇ."

"ಕಂಪನಿಯಲ್ಲಿ ಏನು ಮಾಡ್ತೀರಿ?"

ಕೊನೆಗೆ ತಲೆ ತಗ್ಗಿಸಿ ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆಯಾಯಿತು. ಮಗುವಿನ ಮೈಯಲ್ಲಿ ಸೀಸ ಸೇರಿತ್ತು. ಅಪ್ಪನ ಅಂಗಿ, ಕೂದಲು, ಉಗುರಿನ ಧೂಳು ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗಿದೆ; ಹೊಟ್ಟೆನೋವೂ ಅದರಿಂದಲೇ, ಪಾಠ ತಲೆಗೆ ಹತ್ತದಿರುವುದಕ್ಕೂ ಅದೇ ಕಾರಣವಿರಬಹುದು ಎಂದು ಅವರು ಬಿಡಿಸಿ ಹೇಳಿದರು. "ಇನ್ನು ಸೇರದಂತೆ ನೋಡಿಕೊಳ್ಳಿ. ಆಗಿಹೋದದ್ದು ಎಷ್ಟು ಸರಿಹೋಗುತ್ತದೆ ಅಂತ ಈಗಲೇ ಹೇಳಲಿಕ್ಕಾಗದು."

ದ್ರೌಪದಿ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. "ನಾನೂ ಒಂದೇ ಬಕೆಟ್‌ನ್ಯಾಗ ಒಗದೆ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದಳು.

ಬೇರೆ ಕೆಲಸ ಸಿಗುವವರೆಗೆ ಶೆಡ್ಡು ಬಿಡುವಂತಿರಲಿಲ್ಲ. ಮಗಳು ಮನೆಗೆ ಬಂದ ವಾರ, ಒಂದು ಸಂಜೆ ಅವನನ್ನು ಕಂಡು ಓಡಿ ಬಂದಳು. ಚಂದ್ರಾಮ ಹಿಂದೆ ಸರಿದು, "ಮುಟ್ಟಬ್ಯಾಡ, ದೂರ ನಿಲ್ಲು" ಎಂದ. ಹುಡುಗಿ ಹೊಸ್ತಿಲಲ್ಲೇ ನಿಂತಳು. ಸ್ವಲ್ಪ ಹೊತ್ತು ಯೋಚಿಸಿ, ಕೈ ಕಟ್ಟಿಕೊಂಡು, "ಆರೊಂದ್ಲೆ ಆರು, ಆರೆರಡ್ಲೆ ಹನ್ನೆರಡು" ಎಂದು ಶುರುಮಾಡಿದಳು. ಆರು ಮೂರಕ್ಕೆ ತಡವರಿಸಿ, ಮತ್ತೆ ಮೊದಲಿನಿಂದ ಹಿಡಿದಳು.

ಅಪ್ಪ ದೂರ ತಳ್ಳಿದ್ದು ಮಗ್ಗಿ ಬಾರದ್ದಕ್ಕೆ ಎಂದು ಅವಳು ತಿಳಿದಿದ್ದಳು.

ಚಂದ್ರಾಮನಿಗೆ ಅವಳ ಮುಖ ನೋಡುವುದಾಗಲಿಲ್ಲ. ಚಾಳಿನ ನಲ್ಲಿಗೆ ಹೋಗಿ, ಮೈಯುಜ್ಜಿ ಉಜ್ಜಿ ತೊಳೆದು, ಬೇರೆ ಬಟ್ಟೆ ಹಾಕಿಕೊಂಡು ಬಂದು ಅವಳೆದುರು ಕುಳಿತ.

"ಯವ್ವಾ, ನೀ ದಡ್ಡಿ ಅಲ್ಲ. ನನ್ನ ಅಂಗಿಯಾಗ ವಿಷ ಇತ್ತು, ನನಗ ಗೊತ್ತಿರಲಿಲ್ಲ. ತಪ್ಪು ನಂದು."

"ಹಂಗಾರ ಈಗ ಕೂಡ್ಲಿ?" ಎಂದು ಅವನ ತೊಡೆ ತೋರಿಸಿದಳು.

ಕೂರಿಸಿಕೊಂಡ. ಆದರೆ ಮೊದಲಿನ ಹಾಗೆ ಅವಳ ತಲೆಯ ಮೇಲೆ ಗಲ್ಲವೂರಿ ಕೂರಲು ಅವನಿಗೆ ಧೈರ್ಯ ಬರಲಿಲ್ಲ.

ಮುಂದಿನ ಪಾಲಕರ ಸಭೆಗೆ ಅವನಾಗಿಯೇ ಹೋದ. ಮಗಳ ಕಾಯಿಲೆಯ ಮಾತು ತೆಗೆದ ಕೂಡಲೇ ಜಯಲತಾ ಟೀಚರ್, "ಒಳಗೆ ಬನ್ನಿ, ಇಲ್ಲಿ ಎಲ್ಲರೂ ಇದ್ದಾರೆ" ಎಂದರು.

"ಹೊಡದದ್ದು ಎಲ್ಲಾರ ಮುಂದ ರೀ ಬಾಯಾರ. ಇದೂ ಎಲ್ಲಾರ ಮುಂದನ ಆಗ್ಲಿ" ಎಂದು ತಾನು ಬ್ಯಾಟರಿ ಒಡೆಯುವವನೆಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿದ. ಗುಂಪಿನಲ್ಲಿದ್ದ ಒಬ್ಬಾಕೆ ತನ್ನ ಗಂಡನೂ ಅಂಥದ್ದೇ ಶೆಡ್ಡಿಗೆ ಹೋಗುತ್ತಾನೆಂದು ಮೆಲ್ಲಗೆ ಹೇಳಿ, ಆಸ್ಪತ್ರೆಯ ದಾರಿ ಕೇಳಿಕೊಂಡಳು.

ಈಗ ಅವನು ವಾಶಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಚೀಲ ಹೊರುತ್ತಾನೆ. ಮಗಳ ರಕ್ತದಲ್ಲಿ ಸೀಸ ಇಳಿಯುತ್ತಿದೆ, ಹಸಿವಾಗುತ್ತಿದೆ. ಓದು ಹೇಗಾಗುತ್ತದೋ ಇನ್ನೂ ಗೊತ್ತಿಲ್ಲ. ಪ್ರತಿ ಸಲ ಪರೀಕ್ಷೆಗೆ ಹೋದಾಗ ನರ್ಸು ಸೂಜಿ ಹಿಡಿದರೆ ಅನಸೂಯಾ ಅವನ ಕೈಯನ್ನೇ ಹುಡುಕಿ ಬಿಗಿಯಾಗಿ ಹಿಡಿಯುತ್ತಾಳೆ. ಧೂಳು ತಂದದ್ದೂ ಏಟು ಹಾಕಿದ್ದೂ ಅದೇ ಕೈ ಎಂದು ನೆನಪಾಗಿ ಚಂದ್ರಾಮ, ಕೈ ಬಿಡಿಸಿಕೊಳ್ಳದೆ, ಕಿಟಕಿಯ ಕಡೆ ಮುಖ ತಿರುಗಿಸಿ ನಿಲ್ಲುತ್ತಾನೆ.