ಮಲೇಷ್ಯಕ್ಕೆ ಹೊತ್ತ ಮಡ್ಲಕ್ಕಿ

ನನ್ನ ತಂಗಿ ಗಂಡನ ಜೊತೆ ಮಲೇಷ್ಯದಲ್ಲಿದ್ದಾಳೆ. ನಾನು ಅಲ್ಲಿಗೆ ಹೊರಟಾಗ ಏಳು ತಿಂಗಳ ಬಸುರಿ. ನಮಗೆ ಅಮ್ಮ ಇಲ್ಲ. ಹಿಂದಿನ ಸಲ ಬಸಿರು ನಿಲ್ಲದೆ ಹೋದಾಗ, "ತವರಿಂದ ಒಬ್ರೂ ಬಂದು ಮಡ್ಲು ತುಂಬ್ಲಿಲ್ವಲ್ಲಕ್ಕ" ಅಂತ ಫೋನಿನಲ್ಲಿ ಅತ್ತಿದ್ದಳು. ಆ ಮಾತು ನನ್ನ ಹೊಟ್ಟೇಲಿ ಹಾಗೇ ಕೂತುಬಿಟ್ಟಿತ್ತು. ಈ ಸಲ ಏನೇ ಆಗ್ಲಿ, ಒಳ್ಳೆ ದಿನ ಅಂತ ಗೊತ್ತುಮಾಡಿದ ಶುಕ್ರವಾರವೇ ಅವಳ ಮಡಿಲು ತುಂಬಲೇಬೇಕು ಅಂತ ಹಟ ತೊಟ್ಟೆ.

ನಾನಿರೋದು ಹಿಂದೂಪುರ, ತವರು ಕಲ್ಯಾಣದುರ್ಗ. ತವರಿಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ, ಸೀರೆ ಎಲ್ಲಾ ಸೂಟ್‌ಕೇಸಿಗೆ ತುಂಬಿದೆ. ತಂಗಿಗೆ ಅಂತ ತಗೊಂಡ ಹಸಿರು ಬಳೆ ಒಡೆದಾವು ಅಂತ ನನ್ನ ಕೈಗೇ ತೊಟ್ಟುಕೊಂಡೆ. ತವರಿಂದ ಹೊರಡೋ ಹೆಣ್ಣುಮಗಳು ಬರಿ ಮಡಿಲಲ್ಲಿ ಹೋಗಬಾರದಲ್ಲ, ಅತ್ತಿಗೆ ನನಗೂ ಮಡ್ಲಕ್ಕಿ ಹಾಕಿದಳು. ಅದನ್ನು ಸೆರಗಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿ ಅಲ್ಲಿಂದಲೇ ಬೆಂಗಳೂರಿಗೆ ಹೊರಟೆ. ನಮ್ಮಲ್ಲಿ ಆ ಗಂಟನ್ನ ಸ್ವಂತ ಮನೆ ಮುಟ್ಟೋವರೆಗೂ ಬಿಚ್ಚೋ ಹಾಗಿಲ್ಲ.

ವಿಮಾನ ನಿಲ್ದಾಣದಲ್ಲಿ ಮೊದಲು ಕೊಬ್ಬರಿ ತೆಗೆಸಿದರು. ಬೆಂಕಿ ಹತ್ತುತ್ತಂತೆ! ಕೊಬ್ಬರಿಯೇನು ಪಟಾಕೀನಾ? ಆಮೇಲೆ ತಪಾಸಣೆಯ ಹುಡುಗಿ ಸೊಂಟ ತೋರಿಸಿ, "ಬಿಚ್ಚಿ" ಅಂದಳು.

"ಬಿಚ್ಚಲ್ಲ ಕಣಮ್ಮ. ಬೇಕಾದ್ರೆ ಹಿಸುಕಿ ನೋಡ್ಕೊ, ಅಕ್ಕಿ."

ಹಿಸುಕಿ ನೋಡಿ, "ಒಡಿ ಬಿಯ್ಯಮಾ ಅಮ್ಮಾ?" ಅಂತ, ಮಡ್ಲಕ್ಕೀನಾ ಅಂತ ತೆಲುಗಲ್ಲಿ ಕೇಳಿ, ನಕ್ಕು ಒಳಗೆ ಬಿಟ್ಟಳು.

ವಿಮಾನ ತಡವಾಗಿ ಹೊರಟಿತು. ಕೊಲಂಬೊದಲ್ಲಿ ಇಳಿಯೋ ಹೊತ್ತಿಗೆ ಮುಂದಿನ ವಿಮಾನ ಹೋಗೇಬಿಟ್ಟಿತ್ತು. ಹೋಟೆಲಿಗೆ ಹೋಗಿ ಅಂತ ಚೀಟಿ ಕೊಟ್ಟರು. ಹೋಟೆಲಿನವನು ಈ ಚೀಟಿಗೆ ರೂಮಿಲ್ಲ ಅಂದ. ವಾಪಸು ಬಂದರೆ ಕೌಂಟರಿನವಳು ಶನಿವಾರದ ಟಿಕೆಟ್ ತೋರಿಸಿದಳು. ಶನಿವಾರ ಹೋಗಿ ಏನ್ಮಾಡ್ಲಿ? ಅವಳ ಮುಂದೆಯೇ ನೆಲದ ಮೇಲೆ ಕೂತೆ. "ಶುಕ್ರವಾರಕ್ಕೆ ಹತ್ಸೋಗಂಟ ಏಳಾಕಿಲ್ಲ" ಅಂದೆ. ಭಾಷೆ ತಿಳಿಯದಿದ್ರೇನು, ಗಂಟಲು ತಿಳೀತು. ಶುಕ್ರವಾರ ಬೆಳಿಗ್ಗೆಯ ವಿಮಾನದಲ್ಲಿ ಸೀಟು ಸಿಕ್ತು.

ಮಲೇಷ್ಯದಲ್ಲಿ ಇಳಿದರೆ ಸೂಟ್‌ಕೇಸೇ ಬಂದಿಲ್ಲ. ಅದರಲ್ಲೇನಿತ್ತು ಅಂತ ಅಲ್ಲಿನವನು ಕೇಳಿದ. ಕರೆದುಕೊಂಡು ಹೋಗೋಕೆ ಬಂದಿದ್ದ ತಂಗಿಯ ಗಂಡ ಹೇಳಿದಾಗ, ಅಕ್ಕಿ ಇಲ್ಲೂ ಸಿಗುತ್ತಲ್ಲ ಅಂದನಂತೆ.

"ನಮ್ಮಮ್ಮನ ಮನೆ ಅಕ್ಕಿ ಇವನ ಅಂಗಡೀಲಿ ಸಿಗ್ತದಾ ಕೇಳಪ್ಪ!" ಅಂದೆ. ಪಾಪ, ತಂಗಿಯ ಗಂಡ ಅದನ್ನ ಅವನಿಗೆ ಹೇಳಲಿಲ್ಲ.

ತಂಗಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈಯಲ್ಲಿ ಸಾಮಾನಿಲ್ಲದ್ದು ನೋಡಿದಳು. ಕಾಫಿ ಮಾಡ್ತೀನಿ ಅಂತ ಒಳಗೆ ತಿರುಗಿದಳು. ಬೈದಿದ್ದರೆ ತಡ್ಕೋತಿದ್ದೆ. ಕೈ ಹಿಡಿದು ಕೂರಿಸಿ, ಸೊಂಟದ ಗಂಟಿಗೆ ಕೈ ಹಾಕಿದೆ.

"ಅಯ್ಯೋ ಬ್ಯಾಡ ಕಣಕ್ಕ! ನಿನ್ ಮಡ್ಲಕ್ಕಿ ಇನ್ನೊಬ್ರಿಗೆ ಹಾಕ್ತಾರಾ?"

"ನೀನು ಇನ್ನೊಬ್ಳೇನೇ? ಸುಮ್ನೆ ಸೆರಗೊಡ್ಡು."

ಒಂದು ಕಾಳೂ ಉಳಿಸದೆ ಹಾಕಿದೆ. ನನ್ನ ಕೈಯಿಂದ ಬಳೆ ತೆಗೆದು ತೊಡಿಸಿದೆ. ಅವಳು ಅತ್ತಳು. ಬಸುರಿ ಅಳಬಾರದು ಅಂತ ಬೈಯುತ್ತಾ ನಾನೂ ಅತ್ತೆ.

ನಾನು ಹೊರಡೋ ಹಿಂದಿನ ದಿನ ಸೂಟ್‌ಕೇಸು ಬಂತು, ಒಂದು ಚಕ್ರ ಮುರಿದುಕೊಂಡು. ತಂಗಿ ಅದರಿಂದ ಅಕ್ಕಿ ತೆಗೆದು ನನ್ನನ್ನ ಕೂರಿಸಿದಳು. "ಬರಿ ಮಡ್ಲಲ್ಲಿ ಹೋಗ್ಬ್ಯಾಡ. ಇನ್ಮೇಲೆ ಇದೂ ನಿನ್ ತವರೇ."

ಅಲ್ಲಿನ ವಿಮಾನ ನಿಲ್ದಾಣದಲ್ಲೂ ಒಬ್ಬಳು ಸೊಂಟ ತೋರಿಸಿ ಬಿಚ್ಚು ಅಂತ ಸನ್ನೆ ಮಾಡಿದಳು. ತಲೆ ಅಲ್ಲಾಡಿಸಿ, ಹಿಸುಕಿ ನೋಡು ಅಂತ ಅವಳ ಕೈ ಹಿಡಿದು ಗಂಟಿನ ಮೇಲಿಟ್ಟೆ. ಅದನ್ನ ಬಿಚ್ಚಿದ್ದು ಹಿಂದೂಪುರದ ನಮ್ಮ ಅಡುಗೆಮನೆಯಲ್ಲೇ.