ಚೌಡಮ್ಮ ಕೇಳಿದ ಸೋಪುನೀರು

ಎರಡು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನವಿತ್ತು. ಮಂಡ್ಯದ ಗುತ್ತಲಿನ ನಮ್ಮ ಬೀದಿಗೆ ಮದ್ದೂರಿನ ಚೌಡಮ್ಮ ಎಂದಿನಂತೆ ಬಳೆ ಬುಟ್ಟಿ ಹೊತ್ತು ಬಂದರು. ಬೀದಿಯ ಹೆಂಗಸರ ಕೈಯಳತೆಯೆಲ್ಲ ಅವರಿಗೆ ಬಾಯಿಪಾಠ. ನನಗೆ ಬಳೆ ತೊಡಿಸುತ್ತಾ, "ಟೀಚರಮ್ಮ ಯಾಕೆ ಈಚ್ಗೇ ಬಂದಿಲ್ಲ?" ಎಂದರು.

ಟೀಚರಮ್ಮ ಅಂದರೆ ಪಕ್ಕದ ಮನೆಯ ಸಾವಿತ್ರಮ್ಮ. ಮದುವೆಯಾಗದವರು, ನಿವೃತ್ತರಾದ ಮೇಲೆ ತಮ್ಮನ ಮಗ ರಘು ಜೊತೆ ಇದ್ದರು. "ಹುಷಾರಿಲ್ವಂತೆ, ರಘು ಯಾರನ್ನೂ ಒಳಗೆ ಬಿಡ್ತಿಲ್ಲ" ಎಂದೆ. ನಾಲ್ಕು ತಿಂಗಳಿಂದ ಅವನು ಹೇಳಿದ್ದನ್ನೇ ನಂಬಿಕೊಂಡು ಕೂತಿದ್ದೆ.

"ಬಳೆ ತೊಡಾಕೆ ಉಸಾರಿರಬೇಕಾ?" ಎಂದು ಚೌಡಮ್ಮ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ನಾನೂ ಹಿಂದೆ ಹೋದೆ. ಗೌರಿ ಹಬ್ಬದ ಬಳೆಯನ್ನು ಬೇಡವೆನ್ನುವುದು ನಮ್ಮ ಕಡೆ ರೂಢಿಯಲ್ಲಿಲ್ಲ. ರಘು ಮುಖ ಸಿಂಡರಿಸಿಕೊಂಡೇ ಹಿಂದಿನ ಕೋಣೆಯ ಚಿಲಕ ತೆಗೆದ.

ಚೌಡಮ್ಮ ಟೀಚರಮ್ಮನ ಕೈಗೆ ಪ್ರತಿವರ್ಷದ ಅಳತೆಯ ಬಳೆಯನ್ನೇ ಏರಿಸಿದರು. ಅದು ಸಲೀಸಾಗಿ ಮೊಣಕೈವರೆಗೂ ಜಾರಿತು. ಮಣಿಕಟ್ಟಿನ ಸುತ್ತ ನೀಲಿಗಟ್ಟಿದ ಬೆರಳಿನ ಗುರುತು. ಚೌಡಮ್ಮ ಬಾಗಿಲಲ್ಲಿ ನಿಂತಿದ್ದ ರಘುಗೆ, "ಬಳೆ ಬಿಗಿ ಆಯ್ತಾದೆ, ವಸಿ ಸೋಪುನೀರು ಕಲಸ್ಕಂಡು ಬಾ ಕಣಪ್ಪ" ಎಂದರು. ಬಳೆಯ ಸಂಗತಿ ಆ ಗಂಡಸಿಗೇನು ಗೊತ್ತು, ಹೋದ.

ಚೌಡಮ್ಮ ಬಗ್ಗಿ ಮೆಲ್ಲಗೆ, "ಯಾರು ಇಂಗೆ ಮಾಡಿದ್ದು? ನಾವೇನ್ ಮಾಡ್ಬೇಕು ಯೋಳಿ" ಎಂದರು.

"ಇವನೇ ಕಣೆ. ದಿನಕ್ಕೊಂದೇ ಹೊತ್ತು ಊಟ. ಇನ್ನೂ ಬೇಕು ಅಂದ್ರೆ ಕೈ ತಿರುಚ್ತಾನೆ. ಮಳವಳ್ಳಿಲಿರೋ ನನ್ನ ತಂಗಿಗೆ ತಿಳಿಸಿ, ಅಲ್ಲಿಗೆ ಹೋಗ್ತೀನಿ" ಎಂದ ಟೀಚರಮ್ಮ, ನನಗೆ ನಂಬರನ್ನು ಬಾಯಲ್ಲೇ ಹೇಳಿದರು.

ಸೋಪುನೀರು ಬಂತು. ಚೌಡಮ್ಮ ಅದರಲ್ಲಿ ಆ ಕೈಗಳನ್ನು ನಿಧಾನವಾಗಿ ತೊಳೆದು, ಚಿಕ್ಕ ಬಳೆ ತೊಡಿಸಿ ಎದ್ದರು. ಬೀದಿಗೆ ಬಂದ ಮೇಲೆ ನನ್ನನ್ನು ನೋಡಿ, "ನಿಮ್ದೂ ಅವರ್ದೂ ಗೋಡೆ ಒಂದೇ ಅಲ್ವಾ ಕಣಮ್ಮ?" ಎಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ.

"ನಾಚ್ಕಳದು ಆಮ್ಯಾಕೆ. ಈಗ ಫೋನ್ ಮಾಡಿ."

ತಂಗಿಗೂ ಹಿರಿಯರ ಸಹಾಯವಾಣಿಗೂ ಮಾಡಿದೆ. ಅವರೆಲ್ಲ ಸಂಜೆ ಬರುವವರೆಗೆ ಚೌಡಮ್ಮ ಹಬ್ಬದ ವ್ಯಾಪಾರ ಬಿಟ್ಟು, ಆ ಮನೆಯ ಜಗಲಿಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತೇ ಇದ್ದರು. ರಘು ಎರಡು ಸಲ ಬಂದು ಗದರಿದ. "ಬಿಸ್ಲು ಕಣಪ್ಪ, ಸುದಾರಿಸ್ಕಂಡು ಓಯ್ತೀನಿ" ಎಂದರೇ ಹೊರತು ಏಳಲಿಲ್ಲ. ಅಂಥ ಇನ್ನೊಬ್ಬ ಗಟ್ಟಿಗಿತ್ತಿಯನ್ನು ನಾನು ಕಂಡಿಲ್ಲ. ಟೀಚರಮ್ಮ ಅದೇ ಸಂಜೆ ತಂಗಿಯ ಜೊತೆ ಹೊರಟರು.

ಕಳೆದ ಗೌರಿಗೆ ಚೌಡಮ್ಮನ ಜೊತೆ ನಾನೂ ಮಳವಳ್ಳಿಗೆ ಹೋಗಿದ್ದೆ. ಹಳೆಯ ಅಳತೆಯ ಬಳೆ ಟೀಚರಮ್ಮನ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು. "ಈ ಸಲ ನಿಜ್ವಾಗ್ಲೂ ಬೇಕು ಕಣಮ್ಮ, ತಕ್ಕಂಬನ್ನಿ" ಎಂದು ಚೌಡಮ್ಮ ನನ್ನ ಕಡೆ ನೋಡಿ ನಕ್ಕರು. ಬಚ್ಚಲಲ್ಲಿ ಸೋಪು ಕಲಸುತ್ತಾ ನಾನು ಅತ್ತುಬಿಟ್ಟೆ.