ಗಂಡನ ಹೆಸರು ಕೇಳಿದ ಸರ್ಕಾರ

ನಾನು ಮದುವೆಯಾಗಿ ಸಿಂಗಸಂದ್ರಕ್ಕೆ ಬಂದ ಹೊಸದರಲ್ಲಿ ಸರ್ಕಾರ ಅರಳಿಕಟ್ಟೆಯ ಮೇಲೆ ಕೂರುತ್ತಿತ್ತು. ಅಂದರೆ ವಿಲೇಜ್ ಅಕೌಂಟೆಂಟ್ ಹಳೇ ಸ್ಕೂಟರಿನಲ್ಲಿ ಬಂದು, ಕಟ್ಟೆಯ ಮೇಲೆ ಟವಲ್ಲು ಹಾಸಿಕೊಂಡು, ಬ್ಯಾಗು ಬಿಚ್ಚುತ್ತಿದ್ದ. ಊರಿನವರು ಹಳೇ ರೂಢಿಯಲ್ಲಿ ಅವನನ್ನು ಶಾನುಭೋಗರು ಎಂದೇ ಕರೆಯುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಅವನು ಬರಿಗೈಯಲ್ಲಿ ವಾಪಸು ಹೋದದ್ದನ್ನು ನಾನು ಕಂಡಿಲ್ಲ. ಒಂದು ಕಾಗದಕ್ಕೆ ಜನರನ್ನು ಅಲೆಸುವುದರಲ್ಲಿ ಎತ್ತಿದ ಕೈ. ಆದರೆ ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಯಾರ ಮನೆಯಲ್ಲಿ ಯಾರು ಯಾವ ಕಾಯಿಲೆಗೆ ಹೋದರು, ಎಲ್ಲ ಅವನಿಗೆ ಬಾಯಿಪಾಠ. ನಮ್ಮ ಮಾವ ತೀರಿಕೊಂಡಾಗ ನಮ್ಮತ್ತೆಯ ವಿಧವಾ ವೇತನದ ಅರ್ಜಿಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ತಾನೇ ತುಂಬಿದ. ಹೆಬ್ಬೆಟ್ಟು ಒತ್ತಿಸಿಕೊಂಡು, ಕಾಫಿ ಕುಡಿದು, ಕೈ ಬಿಸಿ ಮಾಡಿಸಿಕೊಂಡು ಹೋದ.

ವೇತನ ಪೋಸ್ಟ್‌ಮ್ಯಾನ್ ಕೈಲಿ ಬರತೊಡಗಿತು. ದೊಡ್ಡ ಮೊತ್ತವೇನಲ್ಲ. ಆದರೆ ಎಲೆಅಡಿಕೆಗೆ, ಮೊಮ್ಮಗಳ ಬಳೆಗೆ, ತಾಯಿಮನೆ ಕಡೆಯ ಮದುವೆಗೆ ಹೋಗುವ ಬಸ್ಸಿಗೆ ಅತ್ತೆ ಯಾರ ಮುಂದೆಯೂ ಕೈಯೊಡ್ಡುತ್ತಿರಲಿಲ್ಲ. ಮಗ ಕೊಡುತ್ತೇನೆಂದರೆ, “ನೀನು ಸುಮ್ಕಿರು, ನಂಗೆ ನಿಮ್ಮಪ್ಪ ಕಳಿಸ್ತಾವ್ರೆ” ಅನ್ನುತ್ತಿದ್ದರು. ತಮಾಷೆಗೆ ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಅವರು ನಿಜವಾಗಿ ಹಾಗೇ ನಂಬಿದ್ದರು.

ಆಮೇಲೆ ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ಎದ್ದಿತು, ನಾಡಕಚೇರಿಗೆ ಕಂಪ್ಯೂಟರ್ ಬಂತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆಯೇ ಕೂರುವವಳು. ಮಗಳ ಜಾತಿ ಪ್ರಮಾಣಪತ್ರ ಯಾರ ಕೈಯನ್ನೂ ಬಿಸಿ ಮಾಡದೆ ಬಂದ ದಿನ, ಆ ಅರಳಿಕಟ್ಟೆಯ ದೊರೆ ಇನ್ನು ಮನೆಯಲ್ಲೇ ಅವರೆಕಾಯಿ ಬೆಳೆದುಕೊಳ್ಳಲಿ ಅಂದುಕೊಂಡೆ.

ಗುರುತಿನ ಕಾರ್ಡು ಮಾಡುವವರು ಊರಿನ ಸರ್ಕಾರಿ ಶಾಲೆಗೆ ಬಂದದ್ದು ಅದೇ ಕಾಲದಲ್ಲಿ. ನನಗೆ ರಜೆ ಸಿಗಲಿಲ್ಲ. ಅತ್ತೆ ತಮ್ಮ ಓರಗಿತ್ತಿಯ ಜೊತೆ ಹೋದರು. ಈ ಚಿಕ್ಕತ್ತೆ ಮಾತಿನ ಮಲ್ಲಿ, ಆದ್ದರಿಂದ ನಾನು ನಿಶ್ಚಿಂತೆಯಿಂದ ಇದ್ದೆ. ಅವರಿಬ್ಬರ ಹಿಂದೆ ಮುಂದೆ ನಿಂತವರೂ ನಮ್ಮ ಕೇರಿಯ ಹೆಂಗಸರೇ.

ಫೋಟೋ ಆಯಿತು, ಬೆರಳಿನ ಗುರುತಾಯಿತು. ಕಂಪ್ಯೂಟರಿನ ಹುಡುಗ ಕಲಬುರಗಿ ಕಡೆಯವನು. “ಅಜ್ಜೀ, ನಿಮ್ಮ ಯಜಮಾನ್ರ ಹೆಸರೇನ್ರಿ?” ಎಂದು ಕೇಳಿದ.

ನಮ್ಮ ಕಡೆ ಹಳೇ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅತ್ತೆ ಮಾವನನ್ನು “ಇವ್ರೇ” ಎಂದು ಕರೆಯುತ್ತಿದ್ದರು, ಅವಸರವಿದ್ದರೆ ಬಳೆ ಸದ್ದು ಮಾಡುತ್ತಿದ್ದರು. ನಾನು ನನ್ನ ಗಂಡನನ್ನು ಹೆಸರು ಹಿಡಿದು, ಕೋಪ ಬಂದಾಗ ಒಂದು ‘ಲೋ’ ಸೇರಿಸಿ ಕರೆಯುವವಳು. ಮೊದಮೊದಲು ಅದು ಕಿವಿಗೆ ಬಿದ್ದಾಗಲೆಲ್ಲ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಇಂಥ ಸಂದರ್ಭದಲ್ಲಿ ಪಕ್ಕದವರು ಹೆಸರು ಹೇಳುವುದು ವಾಡಿಕೆ. ಆದರೆ ಚಿಕ್ಕತ್ತೆಗೆ ಮಾವ ಭಾವನಾಗಬೇಕು, ಅವರೂ ಹೇಳುವಂತಿಲ್ಲ. ಹಿಂದಿದ್ದಾಕೆ ಮಾವನ ತಮ್ಮನ ಸೊಸೆ, ಅವಳ ಹಿಂದಿದ್ದಾಕೆಗೆ ಮಾವ ಸೋದರಮಾವನಾಗಬೇಕು. ಕೇರಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರೂ ಒಬ್ಬ ಗಂಡಸಿನ ಹೆಸರು ಹೇಳಲು ಒಂದು ಬಾಯಿ ಇರಲಿಲ್ಲ.

ಕೊನೆಗೆ ಚಿಕ್ಕತ್ತೆಯೇ ದಾರಿ ಹುಡುಕಿದರು. “ಏಳು ಬೆಟ್ಟದ ಮ್ಯಾಲೆ ಅವ್ನಲ್ಲಪ್ಪ ಸ್ವಾಮಿ, ಆ ಯೆಸ್ರು ಬರ್ಕೊ.” ನಮ್ಮೂರಲ್ಲಿ ಯಾರಿಗೆ ಹೀಗಂದರೂ ಮಾವನ ಹೆಸರು ತಟ್ಟನೆ ಬರೆಯುತ್ತಿದ್ದರು. ಆದರೆ ಆ ಸ್ವಾಮಿಗೆ ಊರಿಗೊಂದು ಹೆಸರು. ಹುಡುಗ ತನ್ನೂರಿನ ಕಡೆ ಏನೆನ್ನುತ್ತಾರೋ ಅದನ್ನು ಹಾಕಿದ. ಪರದೆ ತೋರಿಸಿ ಸರಿಯಾಗಿದೆಯೇ ನೋಡಿ ಎಂದ. ಓದಲು ಬಾರದ ಅತ್ತೆ, ಗಂಡನ ಹೆಸರು ಅಷ್ಟು ಚೆಂದ ಹೊಳೆಯುತ್ತಿದೆ ಎಂದುಕೊಂಡು ತಲೆಯಾಡಿಸಿದರು. ಮನೆಗೆ ಬಂದು ಇಬ್ಬರೂ ತಮ್ಮ ಜಾಣತನವನ್ನು ನನಗೆ ವರ್ಣಿಸಿದರು. ನಾನೂ ನಕ್ಕೆ. ಕಾರ್ಡು ಬಂದ ಮೇಲೆ ತಪ್ಪು ತಿಳಿಯಿತು, ಯಾವಾಗಲಾದರೂ ಸರಿಮಾಡಿಸಿದರಾಯಿತು ಎಂದು ಎಲ್ಲರೂ ಸುಮ್ಮನಾದೆವು.

ಆಮೇಲೊಂದು ದಿನ ವೇತನ ನಿಂತಿತು. ನಾಡಕಚೇರಿಗೆ ಹೋಗಿ ವಿಚಾರಿಸಿದೆ. ಪಿಂಚಣಿಯನ್ನೂ ಕಾರ್ಡನ್ನೂ ಕಂಪ್ಯೂಟರಿನಲ್ಲಿ ತಾಳೆ ನೋಡಿದ್ದಾರೆ. ಸತ್ತ ಗಂಡ ಒಬ್ಬ, ಕಾರ್ಡಿನಲ್ಲಿರುವ ಗಂಡ ಇನ್ನೊಬ್ಬ. ಈ ಇನ್ನೊಬ್ಬ ಸತ್ತ ದಾಖಲೆ ಎಲ್ಲೂ ಇಲ್ಲ. “ಸಿಸ್ಟಮ್ ಪ್ರಕಾರ ಅವರ ಯಜಮಾನ್ರು ಇದಾರೆ ಮೇಡಂ” ಎಂದ ಅಲ್ಲಿದ್ದವನು.

ಇದನ್ನು ಅತ್ತೆಗೆ ಹೇಗೆ ಹೇಳುವುದು? ಹೇಳದೆ ಇರುವುದಾದರೂ ಹೇಗೆ? ಹೇಳಿದೆ. ಅತ್ತೆ ರಾಗಿ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟರು. “ಅಂಗಾದ್ರೆ ನಾನ್ಯಾರ್ ಎಂಡ್ತಿ?” ಅಂದರು. ಆ ರಾತ್ರಿ ಊಟ ಮಾಡಲಿಲ್ಲ. ದುಡ್ಡು ನಾನು ಕೊಡುತ್ತೇನೆ ಅಂದಾಗ, ನನ್ನ ಮುಖವನ್ನು ಪರಕೀಯಳ ಮುಖದಂತೆ ನೋಡಿದರು.

ಕಾರ್ಡು ತಿದ್ದಿಸಿದೆ. ಆದರೆ ನಿಂತ ವೇತನ ಮತ್ತೆ ಶುರುವಾಗಲು ಅಧಿಕಾರಿಯ ಎದುರು ವಿಚಾರಣೆ ಆಗಬೇಕಿತ್ತು. ಪಿಂಚಣಿ ಅದಾಲತ್ತಿಗೆ ನಾಡಕಚೇರಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಟೋಕನ್, ಕುಡಿಯುವ ನೀರು, ಕೂರಲು ಕುರ್ಚಿ, ಯಾವುದಕ್ಕೂ ಕೊರತೆ ಇರಲಿಲ್ಲ. ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಗದರುವ ಪೈಕಿಯೂ ಅಲ್ಲ.

“ನಿಮ್ಮ ಯಜಮಾನ್ರ ಹೆಸರು ಹೇಳಿ ಅಜ್ಜಿ.”

ನಾನು ಹೇಳಿದೆ.

“ನೀವು ಹೇಳ್ಬೇಡಿ ಮೇಡಂ, ಅವರೇ ಹೇಳ್ಲಿ.”

“ಅವರು ಹೇಳಲ್ಲ ಮೇಡಂ. ನಮ್ ಕಡೆ ಪದ್ಧತಿ.”

“ಗೊತ್ತು. ನಮ್ಮಜ್ಜೀನೂ ಹೇಳ್ತಿರ್ಲಿಲ್ಲ. ಆದ್ರೆ ಬ್ರೋಕರ್‌ಗಳು ಕರ್ಕೊಂಡ್ ಬರೋರೂ ಇದನ್ನೇ ಹೇಳ್ತಾರೆ.”

ಗಂಡ ಗುಂಡುಕಲ್ಲಿನಂತಿದ್ದರೂ ವಿಧವೆ ಎಂದು ಬರೆಸಿಕೊಂಡವರು ಎಷ್ಟೋ ಜನ ಸಿಕ್ಕಿಬಿದ್ದಿದ್ದರಂತೆ. ಸತ್ತವನ ಹೆಸರು ಕೇಳಿದರೆ ಅವರೆಲ್ಲ ಕರೆತಂದವನ ಮುಖ ನೋಡುತ್ತಿದ್ದರಂತೆ. ನಮ್ಮತ್ತೆ ಆಗ ನನ್ನ ಮುಖ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕು ಎಂದು ಮಾತ್ರ ತಿಳಿಯಲಿಲ್ಲ. ಆ ಹೆಣ್ಣುಮಗಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಸೋಮಾರಿ ಶಾನುಭೋಗ ಆ ಕ್ಷಣಕ್ಕೆ ಸ್ಕೂಟರಿನಲ್ಲಿ ಬಂದಿದ್ದರೆ ಒಂದು ಮೂಟೆ ಅವರೆಕಾಯಿ ನಾನೇ ಹೊತ್ತು ಕೊಡುತ್ತಿದ್ದೆ.

ಅತ್ತೆ ಕುರ್ಚಿಯಿಂದ ಎದ್ದರು. ಚಪ್ಪಲಿ ಬಿಟ್ಟರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತಾ ಹೆಸರು ಹೇಳಿದರು.

“ಕೇಳಿಸ್ಲಿಲ್ಲ ಅಜ್ಜಿ, ಜೋರಾಗಿ” ಎಂದ ಪಕ್ಕದಲ್ಲಿ ಟೈಪು ಮಾಡುತ್ತಿದ್ದವನು.

ಈ ಸಲ ಅತ್ತೆ ತಲೆಯೆತ್ತಿದರು. ಹೊಲದ ಆಚೆ ಬದುವಿನಲ್ಲಿರುವವರನ್ನು ಕೂಗುವ ದನಿಯಲ್ಲಿ ಹೇಳಿದರು. ಶಾಮಿಯಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿ ತನ್ನ ಕಂಪ್ಯೂಟರಿನ ಕೀಲಿ ಒತ್ತಿದಳು. “ಆಯ್ತು ಅಜ್ಜಿ. ಮುಂದಿನ ತಿಂಗಳಿಂದ ಬರತ್ತೆ” ಎಂದು ಮೆಲ್ಲಗೆ ಹೇಳಿ ಮುಂದಿನ ಟೋಕನ್ ಕರೆಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಅತ್ತೆ ಹೊರಗೆ ಮುಖ ಮಾಡಿ ಕೂತರು. ನೊಂದಿದ್ದಾರೆ ಅಂದುಕೊಂಡು, “ಇರ್ಲಿ ಬಿಡಿ ಅತ್ತೆ, ಕೆಲ್ಸ ಆಯ್ತಲ್ಲ” ಅಂದೆ.

“ಅದಲ್ಲ ಕಣವ್ವ. ಯೆಸ್ರು ಯೋಳುದ್ರೆ ಗಂಡನ ಆಯುಸ್ಸು ಕಮ್ಮಿ ಆಯ್ತದೆ ಅಂತಿದ್ಲು ನಮ್ಮವ್ವ. ಅದ್ಕೇ ಒಂದಿನಾನೂ ಅನ್ನಲಿಲ್ಲ.”

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಅತ್ತೆ ಹೊರಗೆ ನೋಡುತ್ತಲೇ ಇದ್ದರು.

“ಅಂಗಿದ್ರೂ ಬೇಗ್ನೆ ಓಗ್ಬುಟ್ರು. ಬದುಕಿದ್ದಾಗ್ಲೇ ಒಂದ್ ಕಿತ ಬಾಯ್ತುಂಬ ಕರೀಬೋದಾಗಿತ್ತು. ‘ಓ’ ಅಂತಿದ್ರೇನೋ.”